ನಿಮಗಿದು ಗೊತ್ತೆ? ಜೂನ್‌ನ ಆ 14 ದಿನ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆ ಕಟ್ಟಿದ್ದು 1927ರಲ್ಲಿ. ಕಡಲಿಲ್ಲದ ಈ ಊರಿನ ಆ ಮಾರುಕಟ್ಟೆಗೆ ಮೀನು ಬರುವುದು ಎರಡು ಕಡಲುಗಳಿಂದ. ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ. ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಎರಡೂ ಕಡೆ 61 ದಿನ. ಹಾಗಾಗಿ ಜೂನ್ ಮೊದಲ 14 ದಿನ ಎರಡೂ ಕಡೆಯ ದೊಡ್ಡ ದೋಣಿಗಳು ದಡದಲ್ಲೇ ಇರುತ್ತವೆ. ಆಗ ಐಸ್ ಪುಡಿಯೊಳಗಿನ ಅಂಜಲ್ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ. ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳತು.

ಮೊಟ್ಟೆ ಇಡುವ ಕಾಲಕ್ಕೆ ಮೀನಿಗೆ ಬಿಡುವು ಕೊಡಲು ಈ ರಜೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಬಲ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ. 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ, ಅದು ನ್ಯಾಯವೂ ಹೌದು. ಏಕೆಂದರೆ ನಾಡ ಮೀನುಗಾರರು ಹತ್ತಾರು ಜನ ದಡದಲ್ಲಿ ನಿಂತು ಎಳೆದು, ಸಿಕ್ಕಿದ್ದನ್ನು ಪಾಲು ಹಂಚಿಕೊಳ್ಳುತ್ತಿದ್ದ ರಾಂಪಣಿ ಬಲೆಯನ್ನು 1970ರ ದಶಕದಲ್ಲಿ ಬಂದ, ಕಡಲಲ್ಲೇ ಹಿಂಡನ್ನು ಸುತ್ತಿ ಹಿಡಿಯುವ ಪರ್ಸೀನ್ ದೋಣಿಗಳು ಮೂಲೆಗೆ ತಳ್ಳಿದವು. ಬಂಗುಡೆ, ಬೂತಾಯಿ ಹಿಂಡು ದಡ ಮುಟ್ಟುವ ಮೊದಲೇ ಅವುಗಳ ಬಲೆಗೆ ಬಿದ್ದವು. ಬೂತಾಯಿಯ ದೊಡ್ಡ ಪಾಲು ಈಗ ಮೀನೆಣ್ಣೆ, ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗುತ್ತದೆ.