ಪಟ್ಟಿಯಲ್ಲಿ ಇಲ್ಲದ ವಿಷ: ಪರಮಪ್ರಸಾದದ ಹಬ್ಬಕ್ಕೊಂದು ಚಿಂತನೆ



ಯೇಸುಸ್ವಾಮಿಯ ಪರಮಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವದಂದು ನಮ್ಮೆಲ್ಲರ ಕಣ್ಣು ಬಲಿಪೀಠದ ಮೇಲಿನ ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲಿರುತ್ತದೆ. ಅವು ಎಂಥವಾಗಿರಬೇಕು ಎಂಬ ವಿಷಯದಲ್ಲಿ ಧರ್ಮಸಭೆ ಬಹಳ ಕಟ್ಟುನಿಟ್ಟು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮದಂತೆ ರೊಟ್ಟಿ ಬರೀ ಗೋಧಿಯದ್ದಾಗಿರಬೇಕು, ಕೆಡುವ ಭಯವಿಲ್ಲದಂತೆ ಹೊಸದಾಗಿ ಮಾಡಿದ್ದಾಗಿರಬೇಕು. ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಬಂದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. 2017ರ ಜೂನ್ 15ರಂದು, ಅಂದರೆ ಇದೇ ಹಬ್ಬದ ದಿನ, ರೋಮಿನ ದೈವಾರಾಧನಾ ಮಂಡಳಿಯು ಎಲ್ಲ ಧರ್ಮಾಧ್ಯಕ್ಷರಿಗೆ ಒಂದು ಸುತ್ತೋಲೆ ಬರೆಯಿತು. ಹಿಂದೆ ಧಾರ್ಮಿಕ ಸಭೆಗಳವರು ತಮ್ಮ ಕೈಯಾರೆ ತಯಾರಿಸಿ ಕೊಡುತ್ತಿದ್ದ ರೊಟ್ಟಿ, ದ್ರಾಕ್ಷಾರಸ ಈಗ ಸೂಪರ್ ಮಾರ್ಕೆಟ್ಟಿನಲ್ಲೂ ಅಂತರ್ಜಾಲದಲ್ಲೂ ಸಿಗುತ್ತಿವೆ. ಆದ್ದರಿಂದ ಅವುಗಳ ಶುದ್ಧತೆಯ ಬಗ್ಗೆ ಎಚ್ಚರ ಬೇಕು, ಬೇಕಿದ್ದರೆ ಪ್ರಮಾಣಪತ್ರದ ಮೂಲಕ ಖಾತ್ರಿ ಮಾಡಿಕೊಳ್ಳಬೇಕು ಎಂಬುದು ಅದರ ಸಾರ.

ಬಲಿಪೀಠದ ಬಗ್ಗೆ ಇಷ್ಟು ಎಚ್ಚರ. ಅದೇ ಪೂಜೆ ಮುಗಿಸಿ ಮನೆಗೆ ಬಂದು ನಾವು ಕುಳಿತುಕೊಳ್ಳುವ ಊಟದ ಮೇಜಿನ ಬಗ್ಗೆ? ಅಲ್ಲಿ ಮಕ್ಕಳ ಮುಂದೆ ಇಡುವ ಹಣ್ಣಿನ ರಸದಲ್ಲಿ, ಉಪ್ಪಿನಕಾಯಿಯಲ್ಲಿ, ಕಟ್ಟಿಸಿ ತಂದ ಸಾರಿನಲ್ಲಿ ಆಹಾರವಲ್ಲದ್ದು ಏನಾದರೂ ಬೆರೆತಿದೆಯೇ ಎಂದು ಯಾರು ನೋಡುತ್ತಾರೆ, ಹೇಗೆ ನೋಡುತ್ತಾರೆ? ಈ ಹಬ್ಬದ ದಿನ ಅದರಲ್ಲಿ ಒಂದೇ ಒಂದು ಪದಾರ್ಥವನ್ನು ತೆಗೆದುಕೊಂಡು ನೋಡೋಣ. ಅದರ ಹೆಸರು ಪ್ಲಾಸ್ಟಿಸೈಸರ್, ಎಂದರೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ರಾಸಾಯನಿಕ.

ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ನಾವೆಲ್ಲರೂ ಬಲ್ಲೆವು. ಮನೆಯ ನೀರಿನ ಪೈಪು ಅದರದ್ದೇ. ಸ್ವಭಾವತಃ ಅದು ಗಟ್ಟಿ. ಅದನ್ನೇ ಮಳೆಯ ಕೋಟಿನಂತೆ, ತೋಟಕ್ಕೆ ನೀರು ಬಿಡುವ ಮೆದು ಪೈಪಿನಂತೆ, ಮೇಜಿನ ಮೇಲೆ ಹಾಸುವ ಹೂವಿನ ಚಿತ್ರದ ಶೀಟಿನಂತೆ ಮಾಡಬೇಕಾದರೆ ಎಣ್ಣೆಯಂತಹ ಒಂದು ದ್ರವವನ್ನು ಧಾರಾಳವಾಗಿ ಬೆರೆಸುತ್ತಾರೆ. ಹೀಗೆ ಬೆರೆಸುವ ದ್ರವಗಳಲ್ಲಿ ಥ್ಯಾಲೇಟ್‌ಗಳು ಪ್ರಮುಖ. ಅವುಗಳಲ್ಲಿ ಡಿಇಎಚ್‌ಪಿ ಎಂಬುದು ಬಹುಕಾಲ ಮುಂಚೂಣಿಯಲ್ಲಿತ್ತು. ಆಸ್ಪತ್ರೆಯ ರಕ್ತದ ಚೀಲದಲ್ಲೂ ಅದೇ ಇದೆ. ಅಲ್ಲಿ ಅದು ಕೆಂಪು ರಕ್ತಕಣಗಳು ಒಡೆಯದಂತೆ ಕಾಪಾಡಿ ಎಷ್ಟೋ ಜೀವಗಳನ್ನು ಉಳಿಸಿದೆ. ಆದ್ದರಿಂದ ಪದಾರ್ಥವನ್ನೇ ಸೈತಾನನೆಂದು ಬೈಯುವುದು ಬೇಡ. ಅದು ಎಲ್ಲಿ ಸೇರಬಾರದೋ ಅಲ್ಲಿ ಸೇರಿದಾಗ ತೊಂದರೆ.

ಸೇರುವುದು ಹೇಗೆ? ಬತ್ತಿಯಲ್ಲಿ ಎಣ್ಣೆ ನೆನೆದಿರುವಂತೆ ಈ ದ್ರವ ಪ್ಲಾಸ್ಟಿಕ್ಕಿನಲ್ಲಿ ನೆನೆದಿರುತ್ತದೆ, ಅಷ್ಟೇ. ಅದರೊಂದಿಗೆ ಅಂಟಿಕೊಂಡಿರುವುದಿಲ್ಲ. ಬಿಸಿ ತಗುಲಿದರೆ, ಎಣ್ಣೆ ತುಪ್ಪ ತಗುಲಿದರೆ ಹೊರಗೆ ಜಿನುಗುತ್ತದೆ. ಹಳೆಯ ಪ್ಲಾಸ್ಟಿಕ್ ಶೀಟು ಕೆಲವು ವರ್ಷಗಳಲ್ಲಿ ಬಿರುಸಾಗಿ ಮುರಿಯುತ್ತದಲ್ಲ, ಅದರಲ್ಲಿದ್ದ ಮೆದುಕಾರಕ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗಿರುವುದು ಅದಕ್ಕೊಂದು ಕಾರಣ. ದೇಹಕ್ಕೆ ಸೇರಿದ ಡಿಇಎಚ್‌ಪಿ ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಮೂತ್ರದಲ್ಲಿ ಹೊರಹೋಗುತ್ತದೆ. ಇದು ಸಮಾಧಾನದ ಮಾತು. ಆದರೆ ದಿನವೂ ಹೊಸದಾಗಿ ಸೇರುತ್ತಿದ್ದರೆ ಹೊರಹೋಗಿ ಪ್ರಯೋಜನವೇನು? ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಗರ್ಭದಲ್ಲಿರುವ ಗಂಡು ಮರಿಯ ಹಾರ್ಮೋನಿಗೆ ಅಡ್ಡಿ ಮಾಡಿ ಜನನಾಂಗಗಳ ಬೆಳವಣಿಗೆಯನ್ನು ಕೆಡಿಸುವುದು ಕಂಡುಬಂದಿದೆ. ಅದಕ್ಕಾಗಿಯೇ ಬಸುರಿಯರು ಮತ್ತು ಎಳೆಯ ಮಕ್ಕಳ ವಿಷಯದಲ್ಲಿ ಹೆಚ್ಚಿನ ಎಚ್ಚರ.

ಈಗ 2011ರ ತೈವಾನಿಗೆ ಹೋಗೋಣ. ಅಲ್ಲಿನ ಸರ್ಕಾರದ ಆಹಾರ ಮತ್ತು ಔಷಧ ಇಲಾಖೆಯ ಪ್ರಯೋಗಾಲಯದಲ್ಲಿ ಯಾಂಗ್ ಎಂಬ ಕುಲನಾಮದ ಮಹಿಳೆಯೊಬ್ಬರು ತಜ್ಞೆಯಾಗಿದ್ದರು. ಹೊಟ್ಟೆಗೆ ಒಳ್ಳೆಯದೆಂದು ಮಾರುತ್ತಿದ್ದ ಒಂದು ಪುಡಿ ಅವರ ಮುಂದೆ ಬಂತು. ಅದರಲ್ಲಿ ತೂಕ ಇಳಿಸುವ ನಿಷೇಧಿತ ಔಷಧವೇನಾದರೂ ಕದ್ದು ಸೇರಿಸಿದ್ದಾರೆಯೇ ಎಂದು ನೋಡುವುದಷ್ಟೇ ಅವರ ಕೆಲಸ. ಔಷಧ ಸಿಗಲಿಲ್ಲ. ಆದರೆ ಯಂತ್ರ ಬರೆದ ಗೆರೆಯಲ್ಲಿ ಬೇರೆಲ್ಲೋ ಒಂದು ಅಪರಿಚಿತ ಏರು ಕಾಣಿಸಿತು. ಕೇಳಿದ ಪ್ರಶ್ನೆಗೆ ಉತ್ತರ ಬಂದಾಗಿತ್ತು. ‘ಔಷಧ ಇಲ್ಲ’ ಎಂದು ಸಹಿ ಹಾಕಿ ಕಳಿಸಿದ್ದರೆ ಯಾರೂ ಅವರನ್ನು ತಪ್ಪಿತಸ್ಥರೆನ್ನುತ್ತಿರಲಿಲ್ಲ. ಅವರು ಹಾಗೆ ಮಾಡದೆ ಆ ಏರಿನ ಬೆನ್ನು ಹತ್ತಿದರು. ಅದು ಡಿಇಎಚ್‌ಪಿ, ಕಿಲೋಗೆ ಸುಮಾರು 600 ಮಿಲಿಗ್ರಾಂ.

ಪೊಟ್ಟಣದ ಪ್ಲಾಸ್ಟಿಕ್ಕಿನಿಂದ ಜಿನುಗಿ ಇಷ್ಟು ಬರುವುದು ಸಾಧ್ಯವಿಲ್ಲ. ಯಾರೋ ಬೇಕೆಂದೇ ಬೆರೆಸಿರಬೇಕು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ‘ಮೋಡಕಾರಕ’ ಎನ್ನಬಹುದಾದ ಒಂದು ಸಾಮಗ್ರಿ. ಹಣ್ಣಿನ ರಸ ನೀರಾಗಿ ಕಾಣದೆ ಮಂದವಾಗಿ, ತಿರುಳು ಇರುವಂತೆ ಕಾಣಲಿ ಎಂದು ಇದನ್ನು ಹಾಕುತ್ತಾರೆ. ಸಾಮಾನ್ಯವಾಗಿ ಗೋಂದು, ತಾಳೆ ಎಣ್ಣೆ ಮುಂತಾದ ತಿನ್ನಬಹುದಾದ ವಸ್ತುಗಳಿಂದಲೇ ಮಾಡುವಂಥದ್ದು. ತಯಾರಕರು ತಾಳೆ ಎಣ್ಣೆಯ ಜಾಗದಲ್ಲಿ ಅಗ್ಗವಾದ, ಬೇಗ ಕೆಡದ ಡಿಇಎಚ್‌ಪಿ ಸುರಿದಿದ್ದರು. ಅದೂ ವರ್ಷಾನುಗಟ್ಟಲೆಯಿಂದ. ಆ ಮೇ ತಿಂಗಳಲ್ಲಿ ಸುದ್ದಿ ಹೊರಬಿದ್ದಾಗ ದೇಶವೇ ತಲ್ಲಣಿಸಿತು. ಮೇ 31ರಿಂದ ಹಣ್ಣಿನ ರಸ, ಚಹಾ ಪಾನೀಯ, ಕ್ರೀಡಾ ಪಾನೀಯ, ಜಾಮ್ ಮತ್ತು ಸಿರಪ್, ಮಾತ್ರೆ-ಪುಡಿ ಎಂಬ ಐದು ಬಗೆಯ ಸರಕುಗಳಿಗೆ ಪರೀಕ್ಷೆಯ ಪ್ರಮಾಣಪತ್ರ ತೋರಿಸಬೇಕು, ಇಲ್ಲವೇ ಅಂಗಡಿಯಿಂದ ತೆಗೆಯಬೇಕು ಎಂದು ಸರ್ಕಾರ ಆಜ್ಞೆ ಮಾಡಿತು. ನೂರಾರು ಸರಕುಗಳು ಹಿಂದಕ್ಕೆ ಬಂದವು.

ಆ 600 ಮಿಲಿಗ್ರಾಂ ಎಷ್ಟು ದೊಡ್ಡದು? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2005ರಲ್ಲಿ ಹಾಕಿಕೊಟ್ಟ ಮಿತಿಯಂತೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.05 ಮಿಲಿಗ್ರಾಂ ಡಿಇಎಚ್‌ಪಿ ಮೀರಬಾರದು. 20 ಕಿಲೋ ತೂಕದ ಮಗುವಿಗೆ ಲೆಕ್ಕ ಹಾಕಿದರೆ ದಿನಕ್ಕೆ 1 ಮಿಲಿಗ್ರಾಂ. ಆ ಪುಡಿಯ ಬರೀ 2 ಗ್ರಾಂ ತಿಂದರೆ 1.2 ಮಿಲಿಗ್ರಾಂ ಒಳಗೆ ಹೋಯಿತು. ಅದೂ ಯಾವ ಪುಡಿ? ಮಗುವಿನ ಆರೋಗ್ಯಕ್ಕೆಂದು ತಾಯಿ ದುಡ್ಡು ಕೊಟ್ಟು ತಂದದ್ದು.

ಇಷ್ಟು ವರ್ಷ ಇದು ಏಕೆ ಸಿಕ್ಕಿಬೀಳಲಿಲ್ಲ? ಪ್ರಯೋಗಾಲಯಗಳು ಇರಲಿಲ್ಲವೆಂದಲ್ಲ. ಹಣ್ಣಿನ ರಸಕ್ಕೆ ಪ್ಲಾಸ್ಟಿಕ್ ಮೆದುಕಾರಕ ಸುರಿಯುವವರೂ ಇರುತ್ತಾರೆಂದು ಯಾರೂ ಊಹಿಸಿರಲಿಲ್ಲ. ಆದ್ದರಿಂದ ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಬಣ್ಣ ಕೇಳಿದರೆ ಬಣ್ಣದ ಉತ್ತರ, ಸೂಕ್ಷ್ಮಾಣು ಕೇಳಿದರೆ ಸೂಕ್ಷ್ಮಾಣುವಿನ ಉತ್ತರ ಬರುತ್ತದೆ. ಕೇಳದ್ದಕ್ಕೆ ಉತ್ತರ ಬರುವುದಿಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸದ ರುಚಿ ನೋಡಿದ ಮೇಲ್ವಿಚಾರಕನಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ನೀರು ಸೇದಿದ ಸೇವಕರಿಗೆ ಗೊತ್ತಿತ್ತು ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಅಲ್ಲಿ ನಡೆದದ್ದು ಕೃಪೆಯ ಕಾರ್ಯ. ತೈವಾನಿನಲ್ಲಿ ನಡೆದದ್ದು ಅದರ ವಿಕಾರ ರೂಪ: ಬೆರೆಸಿದವರಿಗೆ ಗೊತ್ತು, ಕುಡಿದವರಿಗೆ ಗೊತ್ತಿಲ್ಲ. ಆ ಪಾನೀಯದ ರುಚಿ ನೋಡಿ ಯಾರೂ ಅದನ್ನು ಕಂಡುಹಿಡಿಯಲಾರರಾಗಿದ್ದರು.

ಹಾಗಾದರೆ ಪರೀಕ್ಷೆ ಹೇಗೆ? ಆಹಾರವನ್ನು ಅರೆದು, ಕೊಬ್ಬು ಕರಗಿಸುವ ದ್ರಾವಕದಲ್ಲಿ ಕಲಕಿ, ಥ್ಯಾಲೇಟನ್ನು ಅದರೊಳಗೆ ಎಳೆದುಕೊಳ್ಳುತ್ತಾರೆ. ಅದರ ಒಂದು ಹನಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರಕ್ಕೆ ಬಿಡುತ್ತಾರೆ. ಅದರೊಳಗೆ ಸುರುಳಿ ಸುತ್ತಿದ, ಸಾಮಾನ್ಯವಾಗಿ 30 ಮೀಟರ್ ಉದ್ದದ, ಕೂದಲೆಳೆಯಂಥ ತೂತಿನ ಕೊಳವೆಯಿರುತ್ತದೆ. ಬಿಸಿಗೆ ಆವಿಯಾದ ಪದಾರ್ಥಗಳು ಆ ಕೊಳವೆಯಲ್ಲಿ ಓಡುತ್ತಾ ಒಂದೊಂದೂ ಬೇರೆ ಬೇರೆ ಹೊತ್ತಿಗೆ ತುದಿ ಮುಟ್ಟುತ್ತವೆ. ತುದಿಯಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳನ್ನು ಒಡೆದು ಚೂರುಗಳ ತೂಕ ನೋಡುತ್ತದೆ. ಬಹುಪಾಲು ಥ್ಯಾಲೇಟ್‌ಗಳು ಒಡೆದಾಗ 149 ಎಂಬ ತೂಕದ ಚೂರು ಎದ್ದು ಕಾಣುತ್ತದೆ. ಅದು ಅವುಗಳ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ.

ಇಲ್ಲೊಂದು ಕಷ್ಟವಿದೆ. ಥ್ಯಾಲೇಟು ಪ್ರಯೋಗಾಲಯದಲ್ಲೂ ಇದೆ! ಕೈಗವಸಿನಲ್ಲಿ, ರಬ್ಬರು ನಳಿಕೆಯಲ್ಲಿ, ನೆಲದ ಧೂಳಿನಲ್ಲಿ, ಕೆಲವೊಮ್ಮೆ ದ್ರಾವಕದಲ್ಲಿಯೇ. ಆದ್ದರಿಂದ ಒಳ್ಳೆಯ ಪ್ರಯೋಗಾಲಯದವರು ಗಾಜಿನ ಪಾತ್ರೆಗಳನ್ನು ಕುಲುಮೆಯ ಬಿಸಿಯಲ್ಲಿ ಕಾಯಿಸಿಟ್ಟುಕೊಳ್ಳುತ್ತಾರೆ, ಪ್ಲಾಸ್ಟಿಕ್ಕನ್ನು ದೂರವಿಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಆಹಾರವನ್ನೇ ಹಾಕದೆ ಇಡೀ ಪರೀಕ್ಷೆಯನ್ನು ಒಮ್ಮೆ ಮಾಡುತ್ತಾರೆ. ಇದಕ್ಕೆ ‘ಖಾಲಿ ಪರೀಕ್ಷೆ’ ಎನ್ನಬಹುದು. ಅದರಲ್ಲೂ ಥ್ಯಾಲೇಟು ಕಂಡರೆ ಅದು ಆಹಾರದ್ದಲ್ಲ, ತಮ್ಮದೇ ಕೊಳೆ ಎಂದು ಲೆಕ್ಕ. ಪರರ ಕಣ್ಣಿನ ರವೆ ತೆಗೆಯುವ ಮೊದಲು ನಿನ್ನ ಕಣ್ಣಿನ ತೊಲೆ ನೋಡಿಕೋ ಎಂದ ಪ್ರಭುವಿನ ಮಾತು ಪ್ರಯೋಗಾಲಯದಲ್ಲಿ ಇಷ್ಟು ಅಕ್ಷರಶಃ ಪಾಲನೆಯಾಗುತ್ತದೆಂದು ನಾವು ಎಣಿಸಿರಲಿಲ್ಲ. ಖಾಲಿ ಪರೀಕ್ಷೆಯ ಉಲ್ಲೇಖವಿಲ್ಲದ ಥ್ಯಾಲೇಟ್ ವರದಿಯನ್ನು ಅನುಮಾನದಿಂದಲೇ ನೋಡಬೇಕು.

ಪೊಟ್ಟಣ, ಡಬ್ಬಿಗಳ ಪರೀಕ್ಷೆ ಬೇರೆ ತರಹದ್ದು. ಆಹಾರದ ಬದಲು ಅದರ ಪ್ರತಿನಿಧಿಯಾಗಿ ಒಂದು ದ್ರವವನ್ನು ತುಂಬುತ್ತಾರೆ. ಹುಳಿ ಪದಾರ್ಥಕ್ಕೆ 3 ಶೇಕಡಾ ಅಸಿಟಿಕ್ ಆಮ್ಲ, ಎಣ್ಣೆ ಪದಾರ್ಥಕ್ಕೆ ಹೆಪ್ಟೇನ್, ಹೀಗೆ. ನಿಗದಿತ ಬಿಸಿಯಲ್ಲಿ ನಿಗದಿತ ಕಾಲ ಇಟ್ಟು, ದ್ರವವನ್ನು ಆವಿಮಾಡಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ನಮ್ಮ ದೇಶದ 2018ರ ಆಹಾರ ಪ್ಯಾಕೇಜಿಂಗ್ ನಿಯಮದಂತೆ ಒಟ್ಟು ಜಿನುಗು ಕಿಲೋಗೆ 60 ಮಿಲಿಗ್ರಾಂ ಮೀರಬಾರದು. ಆದರೆ ಈ ತೂಕ ಎಷ್ಟು ಜಿನುಗಿತೆಂದು ಹೇಳುತ್ತದೆಯೇ ಹೊರತು ಏನು ಜಿನುಗಿತೆಂದು ಹೇಳುವುದಿಲ್ಲ. ಏನು ಎಂಬುದಕ್ಕೆ ಮತ್ತೆ ಆ 149ರ ಯಂತ್ರವೇ ಬೇಕು. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಆಹಾರದ ಪ್ಯಾಕೇಜಿಂಗ್‌ಗೆಂದೇ ಒಂದು ವಿಭಾಗವಿದೆ ಎಂಬುದು ನಮ್ಮ ನಾಡಿಗೆ ಹೆಮ್ಮೆ.

ಬೆದರಿಕೆ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಹಾಲಿನ ಪ್ಯಾಕೆಟ್ಟು ಪಾಲಿಥೀನಿನದು. ಅದು ತನ್ನಷ್ಟಕ್ಕೇ ಮೆದು, ಅದಕ್ಕೆ ಥ್ಯಾಲೇಟ್ ಬೇಕಿಲ್ಲ. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನ ಉದ್ದದ ಹೆಸರಿನಲ್ಲಿ ‘ಥ್ಯಾಲೇಟ್’ ಎಂಬ ಸದ್ದು ಕೇಳಿ ಹೆದರುವವರಿದ್ದಾರೆ. ಹೆಸರಷ್ಟೇ ಹೋಲುತ್ತದೆ, ಪದಾರ್ಥ ಬೇರೆ. ಮತ್ತೊಂದು ಕಡೆ, ಗಾಜಿನ ಬಾಟಲಿಯಾದರೆ ಭಯವಿಲ್ಲ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ತಿರುಗಿಸಿ ತೆಗೆಯುವ ಲೋಹದ ಮುಚ್ಚಳದ ಒಳಗಿನ ಮೆತ್ತನೆಯ ಉಂಗುರ ಹಲವು ಸಲ ಪಿವಿಸಿಯದು. ಎಣ್ಣೆ ತೇಲುವ ಉಪ್ಪಿನಕಾಯಿ ಅದಕ್ಕೆ ತಗುಲುತ್ತಾ ಕುಳಿತರೆ ಮೆದುಕಾರಕವನ್ನು ಹೀರುತ್ತದೆ. ಬಾಟಲಿಯನ್ನು ನೆಟ್ಟಗೆ ಇಡಿ, ಅಷ್ಟು ಸಾಕು.

ಹಬ್ಬದೂಟದ ವಿಷಯಕ್ಕೆ ಬರೋಣ. ಜಪಾನಿನಲ್ಲಿ ಬುತ್ತಿ ಡಬ್ಬಿಗಳ ಊಟದಲ್ಲಿ ಡಿಇಎಚ್‌ಪಿ ಹೆಚ್ಚಾಗಿ ಕಂಡುಬಂದಾಗ ಎಲ್ಲರ ಸಂಶಯ ಡಬ್ಬಿಯ ಮೇಲೆ ಹೋಗುವುದು ಸಹಜ. ತಪ್ಪು ಇದ್ದದ್ದು ಊಟ ತುಂಬುವವರ ಕೈಗವಸಿನಲ್ಲಿ! ಶುಚಿತ್ವಕ್ಕೆಂದು ಹಾಕಿದ ಪಿವಿಸಿ ಕೈಗವಸು, ಅದರ ಮೇಲೆ ಶುಚಿತ್ವಕ್ಕೆಂದೇ ಸಿಂಪಡಿಸಿದ ಮದ್ಯಸಾರ. ಅದು ಮೆದುಕಾರಕವನ್ನು ಇನ್ನೂ ಬೇಗ ಎಳೆಯುತ್ತಿತ್ತು. 2000ದ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಅಂಥ ಕೈಗವಸು ಬಳಸಬಾರದೆಂದಿತು. ನಮ್ಮ ಧರ್ಮಕೇಂದ್ರಗಳ ಹಬ್ಬದೂಟಕ್ಕೂ ಈಗ ಅಡುಗೆಯವರು ಕೈಗವಸು ಹಾಕಿಯೇ ಬಡಿಸುತ್ತಾರೆ. ವಿನೈಲ್ ಎಂದು ಬರೆದಿದ್ದರೆ ಅದು ಪಿವಿಸಿಯೇ. ಸೌಟು ಇರುವಾಗ ಹಂದಿಮಾಂಸದ ಸಾರಿಗೆ ಕೈ ಏಕೆ? ಇನ್ನು ಮಿಕ್ಕ ಬಿಸಿ ಸಾರನ್ನು ಯಾವ ಪ್ಲಾಸ್ಟಿಕ್ಕಿನದೆಂದೇ ತಿಳಿಯದ ತೆಳು ಚೀಲದಲ್ಲಿ ಕಟ್ಟಿ ಒಯ್ಯುವ ರೂಢಿ. ಐದು ರೊಟ್ಟಿಗಳ ಪವಾಡದ ದಿನ ಮಿಕ್ಕದ್ದನ್ನು ಹನ್ನೆರಡು ಬುಟ್ಟಿಗಳಲ್ಲಿ ತುಂಬಿದರು. ನಾವು ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದರೆ ಹೊರೆಯಾಗದು.

ಮನೆಯವರೇ ಪರೀಕ್ಷೆ ಮಾಡಿಸಬಹುದೇ? ಮಾಡಿಸಬಹುದು. 2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ಸೆಕ್ಷನ್ ಕೊಳ್ಳುವವರಿಗೆ ಆ ಹಕ್ಕು ಕೊಟ್ಟಿದೆ. ಕೊಳ್ಳುವಾಗಲೇ ಅಂಗಡಿಯವರಿಗೆ ‘ಇದನ್ನು ಪರೀಕ್ಷೆಗೆ ಕಳಿಸುತ್ತೇವೆ’ ಎಂದು ತಿಳಿಸಬೇಕು, ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಗೆ ಕೊಡಬೇಕು. ವರದಿಯಲ್ಲಿ ಕಾನೂನು ಮೀರಿದ್ದು ಕಂಡರೆ ಶುಲ್ಕ ಹಿಂದಕ್ಕೆ ಬರುತ್ತದೆ. ಬಿಲ್ಲು ಜೋಪಾನವಾಗಿರಲಿ. ಅರ್ಜಿಯಲ್ಲಿ ಬರೀ ‘ಪರೀಕ್ಷಿಸಿ’ ಎಂದು ಬರೆಯದೆ ‘ಥ್ಯಾಲೇಟ್ ಇದೆಯೇ ನೋಡಿ’ ಎಂದು ಬರೆಯಿರಿ. ಬರೆಯದಿದ್ದರೆ ಅದು ಪಟ್ಟಿಯಲ್ಲಿ ಇರುವುದಿಲ್ಲ.