ಮೂರು ಭಾಷೆಗಳ ಮನೆಯಿಂದ ಬಂದ ಪ್ರಾಧ್ಯಾಪಕರು

ಹೊಸೂರು ಸೀಮೆಯ ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ತರಗತಿಯಲ್ಲಿ ಕನ್ನಡ. ಹೀಗಾದರೆ ಒಂದು ಭಾಷೆಯೂ ನೆಟ್ಟಗೆ ಬಾರದೆಂದು ಕೆಲವು ಪೋಷಕರು ಅಂಜುತ್ತಾರೆ. ಅಂಥವರಿಗೆ ನಾವು ಎ. ಕೆ. ರಾಮಾನುಜನ್ ಅವರ ಹೆಸರು ಹೇಳುತ್ತೇವೆ.

ಇವರು 1929ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅಡುಗೆಮನೆಯಲ್ಲಿ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯೊಡನೆ ಇಂಗ್ಲಿಷ್, ಬೀದಿಗಿಳಿದರೆ ಕನ್ನಡ. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಬೆಳಗಾವಿ, ಬರೋಡ ಮುಂತಾದೆಡೆ ಅಧ್ಯಾಪಕರಾದರು. ಬಳಿಕ ಅಮೆರಿಕಕ್ಕೆ ಹೋಗಿ ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. 1993ರಲ್ಲಿ ನಿಧನರಾಗುವವರೆಗೂ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಅಷ್ಟು ದೂರವಿದ್ದೂ ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ. ‘ಹೊಕ್ಕುಳಲ್ಲಿ ಹೂವಿಲ್ಲ’ ಕವನಸಂಗ್ರಹ 1969ರಲ್ಲಿ ಹೊರಬಂದಿತು. ಸಂಗಂ ಕಾಲದ ತಮಿಳು ಕವಿತೆಗಳನ್ನೂ (1967), ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ವಚನಗಳನ್ನೂ (1973) ಇಂಗ್ಲಿಷಿಗೆ ತಂದರು. ಮಕ್ಕಳು ಒಂದು ಮಾತು ಗಮನಿಸಬೇಕು: ಮನೆಮಾತಿನ ತಮಿಳು ಬಂದಮಾತ್ರಕ್ಕೆ ಸಂಗಂ ಕವಿತೆ ಅರ್ಥವಾಗದು. ಆ ಹಳೆಯ ತಮಿಳನ್ನು ಅವರು ಪ್ರಾಧ್ಯಾಪಕರಾದ ಮೇಲೆ ಕುಳಿತು ಅಭ್ಯಾಸ ಮಾಡಿದರು.

ಬೆಳಗಾವಿಯಲ್ಲಿದ್ದಾಗ ಜನರ ಬಾಯಿಂದ ಕೇಳಿ ಬರೆದಿಟ್ಟ ಕನ್ನಡ ಕತೆಗಳನ್ನೂ ಅವರು ಕಡೆಯವರೆಗೆ ಕೈಬಿಡಲಿಲ್ಲ. ಅವರು ತೀರಿಕೊಂಡ ಮೇಲೆ, 1997ರಲ್ಲಿ, ಕನ್ನಡದ 77 ಜನಪದ ಕತೆಗಳ ಅವರ ಸಂಗ್ರಹ ಇಂಗ್ಲಿಷಿನಲ್ಲಿ ಪ್ರಕಟವಾಯಿತು.