ಮೂಕ ಕಾವಲುಗಾರನಿಗೆ ಬಾಯಿ ಕೊಡುವ ಬಗೆ

ಉದ್ಯೋಗವನ್ನರಸಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಹೊಲಮನೆಗಳಿಗಿಂತ ನೆನಪುಗಳೇ ದೊಡ್ಡ ಆಸ್ತಿ. ಅಜ್ಜಿ ಹಾಡಿದ ಬೀಸುವ ಹಾಡು, ತಂಗಿಯ ಮದುವೆಯ ಚಿತ್ರಗಳು, ಊರಿನ ಹೊಲದ ಪಹಣಿ, ಸಂಘದ ರಾಜ್ಯೋತ್ಸವದಲ್ಲಿ ಮಕ್ಕಳು ಆಡಿದ ನಾಟಕ ಇವೆಲ್ಲ ಹಿಂದೆ ಆಲ್ಬಮ್ಮು, ಕ್ಯಾಸೆಟ್ಟು, ಕಾಗದಪತ್ರಗಳಾಗಿ ಟ್ರಂಕಿನ ತಳದಲ್ಲಿದ್ದವು. ಈಗ ಡಿಸ್ಕಿನೊಳಗೆ ಸೇರಿಕೊಂಡಿವೆ. ಮನೆಮಂದಿಯ ಕಡತಗಳನ್ನೆಲ್ಲ ಒಂದೆಡೆ ಇಟ್ಟು, ನೆಟ್‌ವರ್ಕಿನ ಮೂಲಕ ಎಲ್ಲರ ಕೈಗೂ ಎಟುಕಿಸುವ 'ನ್ಯಾಸ್' ಎಂಬ ಪೆಟ್ಟಿಗೆ ಹಲವು ಮನೆಗಳಲ್ಲಿಯೂ ಸಂಘಗಳ ಕಚೇರಿಗಳಲ್ಲಿಯೂ ಬಂದು ಕುಳಿತಿದೆ. ಅದನ್ನು ಕೊಳ್ಳುವ ಉತ್ಸಾಹ ಅನೇಕರಲ್ಲಿ ಉಂಟು. ಅದು ಹೇಳುವುದನ್ನು ಕೇಳುವ ಏರ್ಪಾಡು ಮಾಡಿಕೊಂಡವರು ವಿರಳ.

ಈ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಇಲ್ಲವೆ ನಾಲ್ಕು ಡಿಸ್ಕುಗಳಿರುತ್ತವೆ. ಒಂದರಲ್ಲಿ ಬರೆದುದನ್ನೇ ಇನ್ನೊಂದರಲ್ಲಿಯೂ ಬರೆದಿಟ್ಟರೆ, ಒಂದು ಕೆಟ್ಟರೂ ಇನ್ನೊಂದು ಸಂಸಾರ ತೂಗಿಸಿಕೊಂಡು ಹೋಗುತ್ತದೆ. ಇಂಥ ಏರ್ಪಾಡುಗಳಿಗೆ 'ರೇಡ್' ಎಂದು ಹೆಸರು. ೧೯೮೮ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಪ್ರಕಟಿಸಿದ ಪ್ರಬಂಧದಿಂದ ಅದು ಪ್ರಸಿದ್ಧಿಗೆ ಬಂದಿತು. ಆದರೆ ಈ ಗುಣದಲ್ಲಿಯೇ ಒಂದು ಅಪಾಯ ಅಡಗಿದೆ. ಒಂದು ಡಿಸ್ಕು ಸತ್ತ ದಿನವೂ ಚಿತ್ರಗಳು ಎಂದಿನಂತೆ ತೆರೆಯುತ್ತವೆ. ಹಾಡು ಎಂದಿನಂತೆ ಕೇಳುತ್ತದೆ. ಪೆಟ್ಟಿಗೆ ಕೀಂ ಎಂದು ಕೂಗಿದರೂ ಅಟ್ಟದ ಮೇಲಿನ ಕೂಗು ಯಾರಿಗೆ ಕೇಳಬೇಕು? ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಎರಡನೆಯ ಡಿಸ್ಕೂ ಕೆಲವು ತಿಂಗಳಲ್ಲಿ ಅದೇ ದಾರಿ ಹಿಡಿದರೆ ಎಲ್ಲವೂ ಹೋಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಪೆಟ್ಟಿಗೆಯನ್ನು ದೂರುವುದು ಸರಿಯಲ್ಲ. ಅಂಗಡಿಯ ಗುಮಾಸ್ತನಂತೆ ಅದು ನಡೆದುದನ್ನೆಲ್ಲ ಗಳಿಗೆ ಗಳಿಗೆಗೂ ಬರೆದಿಡುತ್ತದೆ. ಈ ದಿನಚರಿಗೆ 'ಲಾಗ್' ಎನ್ನುತ್ತಾರೆ. ೧೯೮೦ರ ದಶಕದಲ್ಲಿ ಎರಿಕ್ ಆಲ್ಮನ್ ಎಂಬವರು ಟಪಾಲು ರವಾನಿಸುವ 'ಸೆಂಡ್‌ಮೇಲ್' ಎಂಬ ತಂತ್ರಾಂಶಕ್ಕಾಗಿ ರೂಪಿಸಿದ 'ಸಿಸ್‌ಲಾಗ್' ಎಂಬ ಪದ್ಧತಿಯೇ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಸುದ್ದಿಗಳಿಗೆ ೦ಯಿಂದ ೭ರ ವರೆಗೆ ಎಂಟು ದರ್ಜೆಗಳು. ಅಂಕಿ ಚಿಕ್ಕದಾದಷ್ಟೂ ಸುದ್ದಿ ಗಂಭೀರ: ೦ ಎಂದರೆ ಯಂತ್ರವೇ ನಿಂತಂತೆ, ೩ ದೋಷ, ೪ ಎಚ್ಚರಿಕೆ, ೬ ಕೇವಲ ಮಾಹಿತಿ.

ಈ ದಿನಚರಿಯಿಂದ ಬೇಕಾದ ಸುದ್ದಿಯನ್ನು ನಮ್ಮ ಕೈಗೆ ತರಿಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಮೊದಲು ಪೆಟ್ಟಿಗೆಯ ಗಡಿಯಾರವನ್ನು ಸರಿಪಡಿಸಿ, ಭಾರತದ ವೇಳೆಗೆ ಹೊಂದಿಸಬೇಕು. ವೇಳೆ ತಪ್ಪಿದ ದಿನಚರಿ ಸಾಕ್ಷಿಗೆ ಬಾರದು. ಬಳಿಕ ಸೆಟ್ಟಿಂಗಿನಲ್ಲಿ 'ನೋಟಿಫಿಕೇಶನ್' ಎಂಬ ಭಾಗವನ್ನು ತೆರೆದು ಈ-ಮೇಲ್ ವಿಳಾಸ ಕೊಡಬೇಕು. ಜಿಮೇಲ್ ಬಳಸುವವರು ಗಮನಿಸಬೇಕಾದ ಮಾತೊಂದುಂಟು. ೨೦೨೨ರ ಮೇ ತಿಂಗಳ ಕೊನೆಯಿಂದ ನಿತ್ಯದ ಪಾಸ್‌ವರ್ಡನ್ನು ಇಂಥ ಯಂತ್ರಗಳಿಗೆ ಕೊಟ್ಟರೆ ನಡೆಯುವುದಿಲ್ಲ. ಎರಡು ಹಂತದ ಪರಿಶೀಲನೆಯನ್ನು ಜಾರಿಗೊಳಿಸಿ, 'ಆಪ್ ಪಾಸ್‌ವರ್ಡ್' ಎಂಬ ಬೇರೆಯೇ ಗುಟ್ಟನ್ನು ಪಡೆಯಬಹುದು. ವಿಳಾಸ ಒಬ್ಬರದೇ ಆಗದಿರಲಿ. ಮನೆಯಲ್ಲಿರುವವರೊಬ್ಬರು, ಪರವೂರಿನಲ್ಲಿರುವ ಮಗನೋ ಸೊಸೆಯೋ ಒಬ್ಬರು, ಹೀಗೆ ಇಬ್ಬರಿಗೆ ಹೋಗಲಿ.

ಇನ್ನು ಯಾವ ಸುದ್ದಿ ತರಿಸಬೇಕು? ಎಲ್ಲವನ್ನೂ ತರಿಸಿದರೆ ದಿನಕ್ಕೆ ನೂರು ಕಾಗದ ಬಂದು, ತೋಳ ಬಂತೆಂದು ಸುಮ್ಮನೆ ಕೂಗಿದ ಹುಡುಗನ ಕಥೆಯಾದೀತು. ಡಿಸ್ಕಿನ ದೋಷ, ರೇಡ್ ಕುಂದಿರುವುದು, ಶಾಖದ ಏರಿಕೆ, ಫ್ಯಾನು ನಿಂತದ್ದು, ಜಾಗ ತುಂಬುತ್ತಿರುವುದು, ಕರೆಂಟು ಹೋಗಿ ಯು.ಪಿ.ಎಸ್. ಮೇಲೆ ನಡೆಯುತ್ತಿರುವುದು, ಪಾಸ್‌ವರ್ಡನ್ನು ಮತ್ತೆ ಮತ್ತೆ ತಪ್ಪಾಗಿ ಕೊಟ್ಟು ಒಳಬರಲು ಯಾರೋ ಯತ್ನಿಸಿದ್ದು, ಇಷ್ಟು ಸಾಕು. ಹೊಸ ತಂತ್ರಾಂಶ ಬಂದಿದೆ ಎಂಬ ಸೂಚನೆಯನ್ನೂ ಸೇರಿಸಬೇಕು. ೨೦೨೨ರ ಜನವರಿಯಲ್ಲಿ 'ಡೆಡ್‌ಬೋಲ್ಟ್' ಎಂಬ ಹಾವಳಿ, ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳನ್ನು ಹೊಕ್ಕು, ಕಡತಗಳಿಗೆ ಬೀಗ ಜಡಿದು ಹಣ ಕೇಳಿದ್ದನ್ನು ಮರೆಯಬಾರದು.

ಎಲ್ಲ ಮುಗಿದ ಮೇಲೆ 'ಟೆಸ್ಟ್' ಎಂಬ ಗುಂಡಿಯನ್ನು ಒತ್ತಿ, ಕಾಗದ ನಿಜವಾಗಿ ಬಂದಿತೇ ಎಂದು ನೋಡಬೇಕು. ತಿಂಗಳಿಗೊಮ್ಮೆ ಕ್ಷೇಮಸಮಾಚಾರ ಕಳಿಸುವ ಸೌಕರ್ಯವಿದ್ದರೆ ಅದನ್ನೂ ಇಟ್ಟುಕೊಳ್ಳಿ. ಊರಿನಿಂದ ಕಾಗದ ಬರಲಿಲ್ಲವೆಂದರೆ ಎಲ್ಲರೂ ಕ್ಷೇಮವೆಂದು ಯಾರೂ ತಿಳಿಯುವುದಿಲ್ಲ, ಇಲ್ಲಿಯೂ ಹಾಗೆಯೇ. ಸಂಘದಂಥ ದೊಡ್ಡ ಸಂಗ್ರಹವಿದ್ದಲ್ಲಿ, ಲಾಗಿನ ಪ್ರತಿಯನ್ನು ಸಿಸ್‌ಲಾಗ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳಿಸುವುದು ಲೇಸು. ಪೆಟ್ಟಿಗೆಯೇ ಕೆಟ್ಟರೆ ಅದರೊಳಗಿನ ದಿನಚರಿಯೂ ಅದರೊಡನೆ ಹೋಗುತ್ತದಲ್ಲವೆ?

ಎಚ್ಚರಿಕೆ ಬಂದಾಗ ಗಾಬರಿಯಿಂದ ಡಿಸ್ಕನ್ನು ಕೀಳಬಾರದು. ಚೆನ್ನಾಗಿರುವುದನ್ನೇ ಕಿತ್ತರೆ ಅನಾಹುತ. ಮೊದಲು ಮುಖ್ಯವಾದುದನ್ನು ಬೇರೆಡೆ ಪ್ರತಿ ಮಾಡಿ, ಕೆಟ್ಟ ಡಿಸ್ಕು ಎಷ್ಟನೆಯ ಮನೆಯಲ್ಲಿದೆ ಎಂದು ಗುರುತು ಹಾಕಿಕೊಂಡು, ಅಷ್ಟೇ ಇಲ್ಲವೆ ಹೆಚ್ಚಿನ ಅಳತೆಯ ಹೊಸದನ್ನು ಕೂಡಿಸಬೇಕು. ಮತ್ತೆ ಜೋಡಿ ಸರಿಹೋಗಲು ಹಲವು ಗಂಟೆಗಳು, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು ಹಿಡಿಯಬಹುದು. ಆ ಹೊತ್ತಿನಲ್ಲಿ ಕರೆಂಟು ತೆಗೆಯಬಾರದು.

ಇಷ್ಟಾದರೂ ಬೆಂಕಿಗೆ, ಕಳ್ಳನಿಗೆ ಎರಡು ಡಿಸ್ಕುಗಳೂ ಒಂದೇ. ಆದುದರಿಂದ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ರಜೆಗೆ ಊರಿಗೆ ಹೋಗುವಾಗ ಒಂದು ಚಿಕ್ಕ ಡಿಸ್ಕು ಚೀಲದಲ್ಲಿ ಭಾರವಾಗುವುದಿಲ್ಲ. ಅಣ್ಣನ ಮನೆಯ ಗೋದ್ರೇಜ್ ಬೀರುವಿನಲ್ಲಿ ಅದಕ್ಕೆ ಜಾಗ ಸಿಕ್ಕೇ ಸಿಗುತ್ತದೆ.